ಎಲ್ಲ ಗೊತ್ತಿದ್ದೂ ದೇವರು ನೊಂದನೇ? ಹವ್ವಳು ಅತ್ತಳೇ?

ಪ್ರಶ್ನೆ: ಸರ್, ನನಗೆ ಇಬ್ಬರು ಗಂಡು ಮಕ್ಕಳು. ಮೂರು ವರ್ಷದ ಹಿಂದೆ ಇಬ್ಬರೂ ಬೈಕಿನಲ್ಲಿ ಬರುವಾಗ ಅಪಘಾತವಾಗಿ ಚಿಕ್ಕವನು ತೀರಿಕೊಂಡ. ಗಾಡಿ ಓಡಿಸುತ್ತಿದ್ದವನು ದೊಡ್ಡವನು. ಆಮೇಲೆ ಅವನು ಪುಣೆಗೆ ಕೆಲಸಕ್ಕೆ ಹೋದ. ಮನೆಗೆ ಬರುವುದೇ ಕಮ್ಮಿ. ಫೋನಿನಲ್ಲೂ ‘ಊಟ ಆಯ್ತಾ’ ಅನ್ನುವುದು ಬಿಟ್ಟರೆ ಮಾತಿಲ್ಲ. ನಾನು ಇನ್ನೂ ಅಳುತ್ತೇನೆ. ಇಷ್ಟು ದಿನ ಅಳುವುದು ನಂಬಿಕೆ ಇಲ್ಲದವರ ಲಕ್ಷಣ ಎಂದು ಸಭೆಯ ಹಿರಿಯರೊಬ್ಬರು ಹೇಳಿದರು. ಆದರೆ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 6ನೇ ಅಧ್ಯಾಯದಲ್ಲಿ ದೇವರೇ ಹೃದಯದಲ್ಲಿ ನೊಂದುಕೊಂಡನು ಎಂದಿದೆಯಲ್ಲ? ಮುಂದಾಗುವುದೆಲ್ಲ ಗೊತ್ತಿರುವ ದೇವರಿಗೆ ದುಃಖ ಹೇಗೆ ಆಗುತ್ತದೆ? ಲೋಕದ ಮೊದಲ ತಾಯಿ ಹವ್ವಳು ಇಬ್ಬರು ಮಕ್ಕಳನ್ನೂ ಕಳೆದುಕೊಂಡಳು. ಅವಳು ಅತ್ತಳು ಎಂದು ಯಾಕೆ ಎಲ್ಲೂ ಬರೆದಿಲ್ಲ? ಚಿಕ್ಕವನ ವರ್ಷದ ಪ್ರಾರ್ಥನೆ ಹತ್ತಿರ ಬರುತ್ತಿದೆ. ಯಾವ ಭಾಗ ಓದಿಸಲಿ?
ಹುಬ್ಬಳ್ಳಿಯಿಂದ ಒಬ್ಬ ತಾಯಿ

ಉತ್ತರ: ತಂಗಿ, ಹಿರಿಯರ ಮಾತಿನಿಂದಲೇ ಶುರು ಮಾಡುತ್ತೇನೆ, ಅದು ಬೇಗ ಮುಗಿಯುವಂಥದ್ದು. ಅಳುವುದು ಅವಿಶ್ವಾಸ ಎಂಬುದಕ್ಕೆ ಆದಿಕಾಂಡದಲ್ಲಿ ಎಲ್ಲೂ ಆಧಾರವಿಲ್ಲ. ವಿಶ್ವಾಸಿಗಳ ತಂದೆ ಎಂದು ನಾವೆಲ್ಲ ಕರೆಯುವ ಅಬ್ರಹಾಮನು ಸಾರಳು ತೀರಿಕೊಂಡಾಗ ಗೋಳಾಡಿ ಅತ್ತನು. ಸಾರಳಿಗೆ ಆಗ 127 ವರ್ಷ. ತುಂಬು ಆಯುಸ್ಸು. ಆದರೂ ಅತ್ತನು. ಆಮೇಲೆ ಎದ್ದು ಹೋಗಿ ಹಿತ್ತಿಯನಾದ ಎಫ್ರೋನನಿಗೆ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಹೆಬ್ರೋನಿನ ಹತ್ತಿರದ ಮಕ್ಪೇಲದ ಗವಿಯನ್ನು ಕೊಂಡನು. ಇಡೀ ದೇಶವನ್ನೇ ನಿನಗೆ ಕೊಡುತ್ತೇನೆ ಎಂದು ದೇವರಿಂದ ಮಾತು ಪಡೆದಿದ್ದವನು ಆ ದೇಶದಲ್ಲಿ ದುಡ್ಡು ಕೊಟ್ಟು ಕೊಂಡ ಮೊದಲ ಜಾಗ ಹೆಂಡತಿಯ ಸಮಾಧಿಗೆ.

ನಮ್ಮ ಸಭೆಗಳಲ್ಲಿ ಸಾವಿನ ಮನೆಗೆ ಹೋದ ಕೂಡಲೇ ‘ಯೆಹೋವನು ಕೊಟ್ಟನು, ಯೆಹೋವನು ತೆಗೆದುಕೊಂಡನು’ ಎನ್ನುವವರು ಜಾಸ್ತಿ. ಅದು ಮಕ್ಕಳನ್ನು ಕಳೆದುಕೊಂಡ ಯೋಬನ ಮಾತು, ನಿಜ. ಆದರೆ ಯೋಬ ಅದನ್ನು ತನ್ನ ಮಕ್ಕಳ ಬಗ್ಗೆ ತಾನೇ ಹೇಳಿಕೊಂಡ. ಬೇರೆಯವರು ಬಂದು ಅವನಿಗೆ ಹೇಳಿದ್ದಲ್ಲ. ಅವನ ಮೂವರು ಸ್ನೇಹಿತರು ಮೊದಲ ಏಳು ದಿನ ಏನೂ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅವರು ಎಡವಿದ್ದು ಬಾಯಿ ತೆರೆದ ಮೇಲೆ. ನಿಮ್ಮ ಹಿರಿಯರಿಗೆ ಇದನ್ನು ಹೇಳಬೇಕಾಗಿಲ್ಲ, ಸುಮ್ನೆ ನಿಮಗೆ ಗೊತ್ತಿರಲಿ.

ಹವ್ವಳ ಕಥೆಗೆ ಹೋಗುವ ಮೊದಲು ಒಂದು ಮಾತು ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ನಿಮ್ಮ ದೊಡ್ಡ ಮಗ ಕಾಯಿನನಲ್ಲ. ಹವ್ವಳ ದೊಡ್ಡ ಮಗ ಕಾಯಿನನು ತಮ್ಮ ಹೇಬೆಲನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಕೊಂದನು. ನಿಮ್ಮ ಮಗನದು ಅಪಘಾತ. ನೀವು ಹಾಗೆ ಬರೆದಿಲ್ಲ, ಒಪ್ಪುತ್ತೇನೆ. ಆದರೆ ನೀವು ಕೇಳಿದ್ದು ಹವ್ವಳನ್ನು. ಹವ್ವಳ ಜಾಗದಲ್ಲಿ ನೀವು ನಿಂತರೆ, ಹೇಬೆಲನ ಜಾಗದಲ್ಲಿ ಚಿಕ್ಕವನಿದ್ದರೆ, ಉಳಿದ ಜಾಗಕ್ಕೆ ಯಾರು ಬರುತ್ತಾರೆ ಅಂತ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಅಲ್ವಾ? ಪುಣೆಯಲ್ಲಿ ಕೂತು ಅವನೂ ಇದೇ ಅಧ್ಯಾಯವನ್ನು ಓದಿಕೊಂಡಿರಬಹುದು. ಆದ್ದರಿಂದ ಹೋಲಿಕೆಯನ್ನು ತಾಯಿಯ ಮಟ್ಟಿಗೆ ಮಾತ್ರ ಇಟ್ಟುಕೊಳ್ಳೋಣ.

4ನೇ ಅಧ್ಯಾಯದಲ್ಲಿ ಹವ್ವಳು ಎರಡು ಸಲ ಮಾತಾಡುತ್ತಾಳೆ. ಕಾಯಿನನು ಹುಟ್ಟಿದಾಗ ಸಂಭ್ರಮದಿಂದ, ಯೆಹೋವನ ಸಹಾಯದಿಂದ ಗಂಡುಮಗುವನ್ನು ಪಡೆದೆ ಎನ್ನುತ್ತಾಳೆ. ಆಮೇಲೆ ಕೊಲೆ ನಡೆಯುತ್ತದೆ, ಕಾಯಿನನು ನೋದು ದೇಶಕ್ಕೆ ಹೋಗುತ್ತಾನೆ, ಮದುವೆಯಾಗಿ ಮಗನನ್ನು ಪಡೆದು ಊರು ಕಟ್ಟುತ್ತಾನೆ. ಅಷ್ಟೂ ಹೊತ್ತು ಹೆತ್ತವರ ಸುದ್ದಿಯೇ ಇಲ್ಲ. ಹೆಣವನ್ನು ಯಾರು ನೋಡಿದರು, ಯಾರು ಹೂಳಿದರು, ಏನೂ ಇಲ್ಲ. 25ನೇ ವಚನಕ್ಕೆ ಬಂದಾಗ ಸೇತನು ಹುಟ್ಟುತ್ತಾನೆ. ಆಗ ಹವ್ವಳು ಎರಡನೇ ಸಲ ಬಾಯಿ ತೆರೆಯುತ್ತಾಳೆ. ಕಾಯಿನನು ಕೊಂದ ಹೇಬೆಲನಿಗೆ ಬದಲಾಗಿ ದೇವರು ನನಗೆ ಬೇರೆ ಮಗನನ್ನು ಕೊಟ್ಟನು ಎನ್ನುತ್ತಾಳೆ.

ಹೊಸ ಮಗು ಮಡಿಲಲ್ಲಿದೆ. ಅವಳ ಬಾಯಲ್ಲಿ ಬಂದದ್ದು ಹೋದ ಇಬ್ಬರ ಹೆಸರು. ಸತ್ತವನ ಹೆಸರು, ಕೊಂದವನ ಹೆಸರು, ಎರಡೂ ಒಂದೇ ಉಸಿರಿನಲ್ಲಿ. ಮೊದಲ ಸಲದ ಸಂಭ್ರಮ ಇಲ್ಲಿಲ್ಲ. ಆದಾಮನಿಗೆ ಸೇತನು ಹುಟ್ಟಿದ್ದು 130ನೇ ವಯಸ್ಸಿನಲ್ಲಿ ಎಂದು ಮುಂದಿನ ಅಧ್ಯಾಯ ಲೆಕ್ಕ ಕೊಡುತ್ತದೆ. ಕೊಲೆಯಾಗಿ ಎಷ್ಟು ವರ್ಷವಾಗಿತ್ತು ಎಂದು ಹೇಳುವುದಿಲ್ಲ. ಎಷ್ಟೇ ಆಗಿರಲಿ, ಅವಳಿಗೆ ಅದು ಹಳೆಯದಾಗಿರಲಿಲ್ಲ. ‘ಅತ್ತಳು’ ಎಂಬ ಪದ ಅಲ್ಲಿಲ್ಲ, ನೀವು ಹೇಳಿದ್ದು ಸರಿ. ಆದರೆ ಈ ಮಾತನ್ನು ಕಣ್ಣೀರಿಲ್ಲದೆ ಹೇಳಲು ಯಾವ ತಾಯಿಗೆ ಆಗುತ್ತದೆ?

ನಾವು ಮನೆಯಲ್ಲಿ ನಾಲ್ವರು ಮಕ್ಕಳು. ಯಾರಾದರೂ ಕೇಳಿದರೆ ಅಮ್ಮ ‘ಐದು’ ಎನ್ನುತ್ತಿದ್ದರು. ನನಗಿಂತ ಮೊದಲು ಹುಟ್ಟಿ, ನಾಮಕರಣಕ್ಕೂ ಮೊದಲೇ ಹೋದ ಒಬ್ಬ ಅಕ್ಕನನ್ನು ಸೇರಿಸಿ. ಅಪ್ಪ ಪಕ್ಕದಿಂದ ‘ನಾಲ್ಕು’ ಎಂದು ತಿದ್ದುತ್ತಿದ್ದರು. ಅಮ್ಮ ಜಗಳವಾಡುತ್ತಿರಲಿಲ್ಲ. ಮುಂದಿನ ಸಲ ಕೇಳಿದವರಿಗೆ ಮತ್ತೆ ‘ಐದು’ ಎನ್ನುತ್ತಿದ್ದರು. ಹವ್ವಳ ಆ ವಚನಕ್ಕೆ ವ್ಯಾಖ್ಯಾನ ಎಂದು ನಾನು ಓದಿದ ಯಾವುದೂ ಇಷ್ಟು ಚೆನ್ನಾಗಿಲ್ಲ.

ಹೆತ್ತವರ ಅಳು ಬರೆಯದೇ ಬಿಟ್ಟದ್ದು ಹಿಂದಿನವರಿಗೂ ಸಹಿಸಲು ಆಗಲಿಲ್ಲ. ಪಿರ್ಕೆ ದೆ ರಬ್ಬಿ ಎಲಿಯೇಜರ್ ಎಂಬ ಹಳೆಯ ಯೆಹೂದಿ ಗ್ರಂಥದಲ್ಲಿ ಒಂದು ಕಥೆ ಇದೆ. ಆದಾಮ ಹವ್ವರು ಹೇಬೆಲನ ಹೆಣದ ಹತ್ತಿರ ಕೂತು ಅಳುತ್ತಿದ್ದರು. ಸತ್ತವರನ್ನು ಏನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ, ಲೋಕದಲ್ಲಿ ಅದೇ ಮೊದಲ ಸಾವು. ಹೇಬೆಲನ ಕುರಿ ಕಾಯುತ್ತಿದ್ದ ನಾಯಿ ಈಗ ಅವನ ಹೆಣ ಕಾಯುತ್ತಿತ್ತು. ಅಷ್ಟರಲ್ಲಿ ಒಂದು ಕಾಗೆ ತನ್ನ ಜೊತೆಯ ಸತ್ತ ಕಾಗೆಯನ್ನು ಮಣ್ಣು ಕೆದರಿ ಹೂಳಿತು. ಅದನ್ನು ನೋಡಿ ಆದಾಮನು ಮಗನನ್ನು ಹೂತನು. ಕುರಾನಿನ 5ನೇ ಸೂರಾದಲ್ಲೂ ಕಾಗೆ ಬರುತ್ತದೆ, ಅಲ್ಲಿ ಅದನ್ನು ನೋಡಿ ಕಲಿಯುವವನು ಕೊಂದ ಅಣ್ಣ. ನನಗೆ ನಾಯಿಯ ವಿವರ ಬಹಳ ಇಷ್ಟ. ಕಥೆ ಕಟ್ಟಿದವರು ಸಾವಿನ ಮನೆ ನೋಡಿದವರು.

ಇನ್ನು ಮೂಲ ಪ್ರಶ್ನೆ. ಎಲ್ಲ ಗೊತ್ತಿರುವ ದೇವರಿಗೆ ದುಃಖ ಹೇಗೆ?

ಈ ವಚನ ದೊಡ್ಡ ದೊಡ್ಡವರಿಗೆ ಕಷ್ಟ ಕೊಟ್ಟಿದೆ. ಯೇಸುವಿನ ಕಾಲದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಯೆಹೂದಿ ಚಿಂತಕ ಫಿಲೋ, ದೇವರು ಬದಲಾಗುವವನಲ್ಲ ಎಂದು ತೋರಿಸಲು ಈ ಭಾಗದ ಮೇಲೆಯೇ ಒಂದು ಪುಸ್ತಕ ಬರೆದ. 16ನೇ ಶತಮಾನದ ಕ್ರೈಸ್ತ ಪಂಡಿತ ಕ್ಯಾಲ್ವಿನ್, ದೇವರಿಗೆ ನಿಜವಾಗಿ ದುಃಖವಾಗುವುದಿಲ್ಲ, ನಮಗೆ ಅರ್ಥವಾಗಲಿ ಎಂದು ಹಾಗೆ ಮಾತಾಡುತ್ತಾನೆ ಎಂದ. ದಾದಿ ಕೂಸಿನ ಜೊತೆ ತೊದಲುವ ಹಾಗೆ ಎಂಬುದು ಅವನದೇ ಹೋಲಿಕೆ. ದೇವರ ಬಗ್ಗೆ ಅವರಿಗಿದ್ದ ಗೌರವ ನನಗೆ ಗೊತ್ತು. ಆದರೂ ನಾನು ಅವರ ಜೊತೆ ಹೋಗಲಾರೆ. ಬೈಬಲ್ ಈ ಗಂಟನ್ನು ಬಿಚ್ಚುವ ಆತುರ ತೋರಿಸುವುದಿಲ್ಲ. 1 ಸಮುವೇಲ 15ನೇ ಅಧ್ಯಾಯ ತೆಗೆದು ನೋಡಿ. ಸೌಲನನ್ನು ಅರಸನಾಗಿ ಮಾಡಿದ್ದಕ್ಕೆ ದೇವರು ಪಶ್ಚಾತ್ತಾಪಪಟ್ಟನು ಎಂದು 11ನೇ ವಚನ. ಪಶ್ಚಾತ್ತಾಪಪಡಲು ಆತನು ಮನುಷ್ಯನಲ್ಲ ಎಂದು 29ನೇ ವಚನ. 35ರಲ್ಲಿ ಮತ್ತೆ ಪಶ್ಚಾತ್ತಾಪಪಟ್ಟನು ಎಂದು. ಬರೆದವನಿಗೆ ಮರೆವು ಇತ್ತೇ? ಇಲ್ಲ. ಎರಡೂ ನಿಜ ಎಂದು ಅವನು ಬಿಟ್ಟಿದ್ದಾನೆ.

ನಿಮ್ಮ ಪ್ರಶ್ನೆಯನ್ನೇ ಬಹಳ ಹಿಂದೆ ಒಬ್ಬರು ಕೇಳಿದ್ದರು. ಆದಿಕಾಂಡದ ಮೇಲಿನ ಪ್ರಾಚೀನ ಯೆಹೂದಿ ವ್ಯಾಖ್ಯಾನವಾದ ಬೆರೆಶಿತ್ ರಬ್ಬಾದಲ್ಲಿ ಅದು ಇದೆ. ಅನ್ಯಮತದವನೊಬ್ಬ ಯೆಹೂದಿ ಗುರು ರಬ್ಬಿ ಯೆಹೋಶುವ ಬೆನ್ ಕೊರ್ಹಾ ಅವರ ಹತ್ತಿರ ಬಂದು, ದೇವರಿಗೆ ಮುಂದಾಗುವುದೆಲ್ಲ ಕಾಣುತ್ತದೆ ಎನ್ನುತ್ತೀರಲ್ಲ, ಹಾಗಾದರೆ ನೊಂದುಕೊಂಡನು ಎಂದು ಯಾಕೆ ಬರೆದಿದೆ ಎಂದ. ರಬ್ಬಿ ತಿರುಗಿ ಕೇಳಿದರು: ನಿನಗೆ ಮಗ ಹುಟ್ಟಿದ್ದಾನಾ? ಹೌದು. ಆಗ ಏನು ಮಾಡಿದೆ? ಸಂತೋಷಪಟ್ಟೆ, ಎಲ್ಲರಿಗೂ ಸಂತೋಷ ಹಂಚಿದೆ. ಒಂದು ದಿನ ಅವನೂ ಸಾಯುತ್ತಾನೆ ಎಂದು ನಿನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು, ಆದರೆ ಸಂತೋಷದ ಹೊತ್ತಿಗೆ ಸಂತೋಷ, ದುಃಖದ ಹೊತ್ತಿಗೆ ದುಃಖ. ದೇವರದೂ ಹಾಗೇ ಎಂದರು ರಬ್ಬಿ.

ನನಗೆ ಇದಕ್ಕಿಂತ ಒಳ್ಳೆಯ ಉತ್ತರ ಗೊತ್ತಿಲ್ಲ. ತಿಳಿವಳಿಕೆ ಒಂದು ಕಡೆ, ನೋವು ಇನ್ನೊಂದು ಕಡೆ. ಒಂದು ಇದ್ದರೆ ಇನ್ನೊಂದು ಇರಬಾರದು ಎಂದು ನಾವು ಅಂದುಕೊಂಡಿದ್ದೇವೆ. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲೇ ಹೇಳಿಬಿಟ್ಟ ಸಾವೂ ಬಂದ ದಿನ ಹೊಸದೇ. ಆ ಕಥೆಯಲ್ಲಿ ನಾನು ಗಮನಿಸುವ ಇನ್ನೊಂದು ಸಂಗತಿ: ರಬ್ಬಿ ದೇವರ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿದ್ದು ಮನೆಯೊಳಗೆ, ತೊಟ್ಟಿಲ ಹತ್ತಿರ.

ಆದಿಕಾಂಡವೂ ಅದನ್ನೇ ಮಾಡುತ್ತದೆ. ತೋಟದಿಂದ ಹೊರಗೆ ಕಳಿಸುವ ಮೊದಲು ದೇವರು ಆ ಇಬ್ಬರಿಗೆ ಚರ್ಮದ ಅಂಗಿ ಮಾಡಿ ತಾನೇ ತೊಡಿಸುತ್ತಾನೆ. ಕಾಯಿನನ ಮುಖ ಬಾಡಿದ್ದನ್ನು ಮೊದಲು ಗಮನಿಸಿ, ಯಾಕೆ ಹೀಗಿದ್ದೀ ಎಂದು ಕೇಳುವವನು ದೇವರೇ. ಹೆತ್ತವರು ಕೇಳಿದರೆಂದು ಬರೆದಿಲ್ಲ. ಕೊಲೆಯಾದ ಮೇಲೆ ಶಿಕ್ಷೆ ಕೊಡುತ್ತಾನೆ, ಆದರೆ ಬೇರೆ ಯಾರೂ ಅವನನ್ನು ಕೊಲ್ಲದಂತೆ ಗುರುತನ್ನೂ ಹಾಕುತ್ತಾನೆ. ಒಬ್ಬನ ರಕ್ತ ನೆಲದಿಂದ ಕೂಗುತ್ತಿದೆ, ಇನ್ನೊಬ್ಬ ಕಣ್ಣೆದುರಿಂದ ದೂರ ಹೋಗುತ್ತಿದ್ದಾನೆ. ಆ ದಿನ ಇಬ್ಬರನ್ನೂ ಕಳೆದುಕೊಂಡವಳು ಹವ್ವಳೊಬ್ಬಳೇ ಅಲ್ಲ.

6ನೇ ಅಧ್ಯಾಯದ ಆ ನೋವಿನ ಹಿಂದೆಯೇ ಬರುವ ಜಲಪ್ರಳಯದ ವಿಚಾರ ಸ್ವಲ್ಪ ಕಹಿ. ಅದನ್ನು ಸಿಹಿ ಮಾಡಿ ಹೇಳಲು ನನಗೆ ಇಷ್ಟವಿಲ್ಲ. ಬಾಬಿಲೋನಿನ ಕಡೆಯ ಅತ್ರಹಾಸಿಸ್ ಕಥೆಯಲ್ಲೂ ಪ್ರಳಯ ಇದೆ. ಕ್ರಿ.ಪೂ. 17ನೇ ಶತಮಾನದ ಮಣ್ಣಿನ ಹಲಗೆಗಳ ಮೇಲೆ ಅದು ಸಿಕ್ಕಿದೆ. ಅಲ್ಲಿ ಮನುಷ್ಯರ ಗದ್ದಲದಿಂದ ಎನ್ಲಿಲ್ ದೇವನಿಗೆ ನಿದ್ದೆ ಬರುವುದಿಲ್ಲ, ಅದಕ್ಕೇ ಅವನು ನಾಶ ಕಳಿಸುತ್ತಾನೆ. ತೇಲುವ ಹೆಣಗಳನ್ನು ನೋಡಿ ಅಳುವವಳು ಬೇರೆ, ಮನುಷ್ಯರನ್ನು ರೂಪಿಸಿದ ತಾಯಿ ದೇವತೆ. ಮುಳುಗಿಸುವವನೊಬ್ಬ, ಅಳುವವಳೊಬ್ಬಳು. ಆದಿಕಾಂಡದಲ್ಲಿ ದೇವರು ಒಬ್ಬನೇ. ಹಾಗಾಗಿ ಎರಡೂ ಒಂದೇ ಹೃದಯದೊಳಗೆ ಆಗಬೇಕು. ಮತ್ತೆ ಇಲ್ಲಿ ನೋವು ಬರುವುದು ನೀರಿಗಿಂತ ಮುಂಚೆ. ನೋಹನು ನಾವೆಯೊಳಗೆ ಹೋದ ಮೇಲೂ ಏಳು ದಿನ ಮಳೆ ಬರಲಿಲ್ಲ ಎಂದು 7ನೇ ಅಧ್ಯಾಯದಲ್ಲಿದೆ. ಆ ಏಳು ದಿನ ದೇವರು ತನ್ನ ಲೋಕಕ್ಕಾಗಿ ಶೋಕದಲ್ಲಿ ಕೂತಿದ್ದನು ಎಂದು ಯೆಹೂದಿ ಹಿರಿಯರು ಹೇಳಿದ್ದಾರೆ. ಯೆಹೂದಿ ಮನೆಗಳಲ್ಲಿ ಹತ್ತಿರದವರು ತೀರಿಕೊಂಡಾಗ ಶೋಕಕ್ಕೆ ಕೂರುವುದು ಏಳು ದಿನ.

ಅಷ್ಟು ನೊಂದವನು ಯಾಕೆ ಮುಳುಗಿಸಿದ? ಈ ಪ್ರಶ್ನೆಗೆ ತೃಪ್ತಿಯಾಗುವ ಉತ್ತರ ನನ್ನ ಹತ್ತಿರ ಇಲ್ಲ. ಇದ್ದಂತೆ ನಟಿಸುವುದಿಲ್ಲ. ಆದರೆ ನೀರು ಇಳಿದ ಮೇಲೆ 8:21ರಲ್ಲಿ ಒಂದು ವಿಚಿತ್ರ ಮಾತಿದೆ. ಮನುಷ್ಯರ ಮನಸ್ಸಿನ ಆಲೋಚನೆ ಕೆಟ್ಟದ್ದು ಎಂಬುದು 6ನೇ ಅಧ್ಯಾಯದಲ್ಲಿ ನಾಶಕ್ಕೆ ಕಾರಣವಾಗಿತ್ತು. ಈಗ ಅದೇ ಕಾರಣ ಹೇಳಿ, ಇನ್ನು ಮುಂದೆ ನಾಶ ಮಾಡುವುದಿಲ್ಲ ಎನ್ನುತ್ತಾನೆ. ಮನುಷ್ಯರು ಬದಲಾಗಿಲ್ಲ. ಬದಲಾದದ್ದು ದೇವರ ನೋವು ಹಿಡಿದ ದಾರಿ. ಮುಗಿಲಲ್ಲಿ ಬಿಲ್ಲು ಇಟ್ಟು, ಅದನ್ನು ನೋಡಿದಾಗ ನಾನು ನೆನಪು ಮಾಡಿಕೊಳ್ಳುತ್ತೇನೆ ಎನ್ನುತ್ತಾನೆ. ಆ ಗುರುತು ನಮಗೆ ಮಾತ್ರ ಎಂದು ಸಂಡೇ ಸ್ಕೂಲಿನಲ್ಲಿ ಹೇಳಿಕೊಡುತ್ತೇವೆ. ವಚನದ ಪ್ರಕಾರ ಅದನ್ನು ನೋಡಿ ನೆನಪಿಸಿಕೊಳ್ಳಬೇಕಾದವನು ದೇವರು.

ಇಲ್ಲಿ ನೋಹನ ಬಗ್ಗೆ ಒಂದು ಮಾತು, ನಿಮ್ಮ ದೊಡ್ಡ ಮಗನ ಸಲುವಾಗಿ. ನಾವೆ ಕಟ್ಟುವಾಗ, ಮಳೆ ಸುರಿಯುವಾಗ, ಹೊರಗೆ ಬಂದಾಗ, ನೋಹನ ಒಂದೇ ಒಂದು ಮಾತೂ ದಾಖಲಾಗಿಲ್ಲ. ಬಂದವನು ದ್ರಾಕ್ಷೇತೋಟ ಮಾಡಿದ, ಕುಡಿದ, ಗುಡಾರದಲ್ಲಿ ಬಟ್ಟೆಯಿಲ್ಲದೆ ಬಿದ್ದುಕೊಂಡ. ಅವನ ಬಾಯಿಂದ ಬಂದ ಮೊದಲ ಮಾತು ಮೊಮ್ಮಗ ಕಾನಾನನಿಗೆ ಹಾಕಿದ ಶಾಪ. ಉಳಿದವರೆಲ್ಲ ಸತ್ತು ತಾನು ಬದುಕಿದವನ ಕಷ್ಟ ಹೇಗಿರುತ್ತದೆ ಎಂದು ಬರೆದವನಿಗೆ ಗೊತ್ತಿತ್ತು ಅನಿಸುತ್ತದೆ. ‘ಊಟ ಆಯ್ತಾ’ ಎಂದು ಕೇಳುವ ಮಗ ನೋಹನಿಗಿಂತ ಎಷ್ಟೋ ವಾಸಿ.

ಅಳುವುದಕ್ಕೆ ಆದಿಕಾಂಡದಲ್ಲಿ ಅಡ್ಡಿ ಇಲ್ಲ. ಆದರೆ ಆ ಅಳು ಬದುಕಿರುವವರಿಗೆ ಹೇಗೆ ಕೇಳಿಸುತ್ತದೆ ಎಂಬುದನ್ನೂ ಈ ಪುಸ್ತಕ ತೋರಿಸುತ್ತದೆ. ಯಾಕೋಬನ ಮನೆ ನೋಡಿ. ಮಕ್ಕಳು ತಮ್ಮನಾದ ಯೋಸೇಫನನ್ನು ಮಾರಿಬಿಟ್ಟು, ಅವನ ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ ತಂದು ತೋರಿಸುತ್ತಾರೆ. ಯಾಕೋಬನು ಬಟ್ಟೆ ಹರಿದುಕೊಂಡು, ಸೊಂಟಕ್ಕೆ ಗೋಣಿತಟ್ಟು ಸುತ್ತಿಕೊಂಡು, ಅಳುತ್ತಲೇ ಪಾತಾಳಕ್ಕೆ ಇಳಿದು ಮಗನ ಹತ್ತಿರ ಹೋಗುತ್ತೇನೆ ಎನ್ನುತ್ತಾನೆ. ಯಾರು ಸಮಾಧಾನ ಮಾಡಿದರೂ ಒಪ್ಪುವುದಿಲ್ಲ. ಸಮಾಧಾನ ಮಾಡಲು ಸುತ್ತ ನಿಂತವರಲ್ಲಿ ಯೋಸೇಫನನ್ನು ಮಾರಿದವರೂ ಇದ್ದಾರೆ! ಯೋಸೇಫನಿಗೆ ಆಗ 17 ವರ್ಷ. ಐಗುಪ್ತದ ಅರಸ ಫರೋಹನ ಮುಂದೆ ನಿಂತಾಗ 30. ಏಳು ವರ್ಷ ಸುಭಿಕ್ಷ, ಎರಡು ವರ್ಷ ಬರ ಕಳೆದ ಮೇಲೆ ಅವನು ಬದುಕಿದ್ದಾನೆಂಬ ಸುದ್ದಿ ತಂದೆಗೆ ತಲುಪುತ್ತದೆ. ಲೆಕ್ಕ ಹಾಕಿದರೆ 22 ವರ್ಷ. ಅಷ್ಟು ವರ್ಷ ದೇವರು ಯಾಕೋಬನ ಜೊತೆ ಮಾತಾಡಿದ ಒಂದು ವಚನವೂ ಇಲ್ಲ. ಹಾಗೆಂದು ಸಾಕು ಮಾಡು, ನಂಬಿಕೆ ಇಡು ಎಂದು ಗದರಿಸಿದ ವಚನವೂ ಇಲ್ಲ.

ಆದರೆ 42ನೇ ಅಧ್ಯಾಯದ ಕೊನೆಯಲ್ಲಿ ಯಾಕೋಬನ ಮಾತು ಕೇಳಿ. ಯೋಸೇಫನ ಒಡಹುಟ್ಟಿದ ತಮ್ಮ ಬೆನ್ಯಾಮೀನನನ್ನು ಐಗುಪ್ತಕ್ಕೆ ಕಳಿಸುವುದಿಲ್ಲ, ಇವನ ಅಣ್ಣ ಸತ್ತನು, ಇವನೊಬ್ಬನೇ ಉಳಿದಿದ್ದಾನೆ ಎನ್ನುತ್ತಾನೆ. ಇದನ್ನು ಹೇಳಿದ್ದು ಯಾರಿಗೆ? ಎದುರಿಗೆ ನಿಂತಿರುವ ಉಳಿದ ಗಂಡು ಮಕ್ಕಳಿಗೆ. ಅವರೂ ಉಳಿದವರೇ, ಲೆಕ್ಕಕ್ಕೆ ಬರಲಿಲ್ಲ ಅಷ್ಟೆ. ತಂದೆಗೆ ಅವರನ್ನು ನೋಯಿಸುವ ಉದ್ದೇಶವಿತ್ತು ಎಂದು ನನಗನಿಸುವುದಿಲ್ಲ. ದುಃಖದಲ್ಲಿ ಬಾಯಿ ಜಾರಿತು.

ಮುಂದೆ 44ನೇ ಅಧ್ಯಾಯದಲ್ಲಿ ಆ ಅಣ್ಣಂದಿರಲ್ಲೊಬ್ಬನಾದ ಯೆಹೂದನು, ತನ್ನ ಮುಂದಿರುವ ಐಗುಪ್ತದ ಅಧಿಕಾರಿಯೇ ಯೋಸೇಫ ಎಂದು ಗೊತ್ತಿಲ್ಲದೆ, ಬೆನ್ಯಾಮೀನನಿಗಾಗಿ ಬೇಡಿಕೊಳ್ಳುತ್ತಾನೆ. ಹಿಂದೆ ಯೋಸೇಫನನ್ನು ಮಾರೋಣ ಎಂದವನು ಇವನೇ. ಈ ನಡುವೆ ಅವನೂ ಏರ, ಓನಾನ ಎಂಬ ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದಾನೆ. ಅವನು ತಂದೆಯ ಮಾತನ್ನು ಇದ್ದ ಹಾಗೇ ಹೇಳುತ್ತಾನೆ: ನನ್ನ ಹೆಂಡತಿ ನನಗೆ ಇಬ್ಬರು ಗಂಡುಮಕ್ಕಳನ್ನು ಹೆತ್ತಳೆಂದು ನಿಮಗೆ ಗೊತ್ತು. ಹೆಂಡತಿ ಎಂದರೆ ಇಲ್ಲಿ ರಾಹೇಲಳು ಒಬ್ಬಳೇ. ಹೇಳುತ್ತಿರುವ ಯೆಹೂದನು ಯಾಕೋಬನ ಇನ್ನೊಬ್ಬ ಹೆಂಡತಿ ಲೇಯಳ ಮಗ. ತನ್ನ ತಾಯಿಯನ್ನೂ ತನ್ನನ್ನೂ ಲೆಕ್ಕದಿಂದ ಬಿಟ್ಟ ಮಾತನ್ನು ಅವನು ತಿದ್ದುವುದಿಲ್ಲ. ಹುಡುಗನಿಲ್ಲದೆ ನಾನು ತಂದೆಯ ಹತ್ತಿರ ಹೇಗೆ ಹೋಗಲಿ, ತಂದೆಗೆ ಆಗುವ ಕೇಡನ್ನು ನೋಡಲಾರೆ ಎಂದು ಬೇಡಿಕೊಳ್ಳುತ್ತಾನೆ. ಇದನ್ನು ಕೇಳಿ ಯೋಸೇಫನಿಗೆ ತಡೆದುಕೊಳ್ಳಲು ಆಗುವುದಿಲ್ಲ. ಹಿಂದಿನ ಅಧ್ಯಾಯದಲ್ಲಿ ಅವನು ಒಳಗಿನ ಕೋಣೆಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು ‘ಊಟ ಬಡಿಸಿರಿ’ ಎಂದಿದ್ದ. ಈ ಸಲ ಮುಖ ತೊಳೆಯಲು ಹೋಗಲಿಲ್ಲ. ಅರಮನೆಗೆಲ್ಲ ಕೇಳುವ ಹಾಗೆ ಅತ್ತನು.

ಅದಕ್ಕೇ ಹೇಳುತ್ತಿದ್ದೇನೆ, ತಂಗಿ. ನೀವು ಅಳುವುದನ್ನು ನಿಲ್ಲಿಸಬೇಕಾಗಿಲ್ಲ. ಆದರೆ ‘ಇದ್ದವನು ಹೋದ’, ‘ನನಗೆ ಇನ್ನು ಯಾರಿದ್ದಾರೆ’ ಎಂಬ ಮಾತು ದೊಡ್ಡವನ ಕಿವಿಗೆ ಬಿದ್ದಿದೆಯೇ, ನೀವೇ ನೆನಪು ಮಾಡಿಕೊಳ್ಳಿ. ಬಿದ್ದಿದ್ದರೆ ಫೋನಿನಲ್ಲಿ ಸರಿಪಡಿಸಲು ಹೋಗಬೇಡಿ. ಒಂದು ಸಲ ಪುಣೆಗೆ ಹೋಗಿ ಬನ್ನಿ. ಪ್ರಾರ್ಥನೆಗೆ ಬಾ ಎಂದು ಕರೆಯಲು ಅಲ್ಲ, ಅವನ ರೂಮಿನಲ್ಲಿ ಎರಡು ದಿನ ಇದ್ದು ಅಡುಗೆ ಮಾಡಿ ಹಾಕಲು.

ಕೊನೆಗೆ ಓದುವ ಭಾಗ. ಆದಿಕಾಂಡ 21:14ರಿಂದ 19 ಓದಿಸಿ, ಆರೇ ವಚನ. ಅಬ್ರಹಾಮನ ಮನೆಯಿಂದ ಹೊರಗೆ ಕಳಿಸಿದ ದಾಸಿ ಹಾಗರಳ ತಿತ್ತಿಯ ನೀರು ಬೇರ್ಷೆಬದ ಕಾಡಿನಲ್ಲಿ ಮುಗಿಯುತ್ತದೆ. ಮಗನನ್ನು ಒಂದು ಗಿಡದ ಕೆಳಗೆ ಬಿಟ್ಟು, ಅವನು ಸಾಯುವುದನ್ನು ನೋಡಲಾರೆ ಎಂದು ಬಾಣ ಹೋಗುವಷ್ಟು ದೂರದಲ್ಲಿ ಕೂತು ಗಟ್ಟಿಯಾಗಿ ಅಳುತ್ತಾಳೆ. ಬೈಬಲಿನಲ್ಲಿ ಮನುಷ್ಯರೊಬ್ಬರು ಅತ್ತರು ಎಂದು ಮೊದಲು ಬರೆದಿರುವುದು ಇಲ್ಲೇ. ಯಾಕೆ ಅಳುತ್ತೀ ಎಂದು ಅವಳನ್ನು ಯಾರೂ ಬೈಯುವುದಿಲ್ಲ. ಹುಡುಗನು ಎಲ್ಲಿ ಬಿದ್ದಿದ್ದಾನೋ ಅಲ್ಲಿಂದಲೇ ದೇವರು ಅವನ ಧ್ವನಿ ಕೇಳಿದನು, ಎದ್ದು ಅವನ ಕೈ ಹಿಡಿದುಕೋ ಎಂಬ ಮಾತು ಅವಳಿಗೆ ಬರುತ್ತದೆ. ಹೆಚ್ಚು ವಿವರಣೆ ಬೇಡ ಎಂದು ನಿಮ್ಮ ಸಭಾಪಾಲಕರಿಗೆ ಮೊದಲೇ ಹೇಳಿಬಿಡಿ. 4ನೇ ಅಧ್ಯಾಯವನ್ನು ಆ ದಿನ ಓದಿಸಬೇಡಿ. 44ನೇ ಅಧ್ಯಾಯವೂ ಬೇಡ, ದೊಡ್ಡವನು ಬಂದಿದ್ದರೆ ಎಲ್ಲರ ಕಣ್ಣೂ ಅವನ ಮೇಲೆ ಹೋಗುತ್ತದೆ. ಅದನ್ನು ಮನೆಯಲ್ಲಿ ನೀವೊಬ್ಬರೇ ಓದಿಕೊಳ್ಳಿ, 18ನೇ ವಚನದಿಂದ.